ಹವಳದ ದಿಬ್ಬ, ಬೂತಾಯಿ ಮತ್ತು ನಮ್ಮ ಸಂತೆಯ ಒಣಮೀನು

ಸೃಷ್ಟಿಯ ಋತುವಿಗಾಗಿ ಒಂದು ಅಧ್ಯಯನ ಲೇಖನ



ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಸಂತ ಅಸ್ಸಿಸಿಯ ಫ್ರಾನ್ಸಿಸರ ಹಬ್ಬದವರೆಗೆ ಧರ್ಮಸಭೆ ಸೃಷ್ಟಿಯ ಋತುವನ್ನು ಆಚರಿಸುತ್ತದೆ. ಈ ದಿನಗಳಲ್ಲಿ ನಾವು ಸಾಮಾನ್ಯವಾಗಿ ದೇವಾಲಯದ ಅಂಗಳದಲ್ಲಿ ನಾಲ್ಕು ಸಸಿ ನೆಡುತ್ತೇವೆ, ಮಳೆಗಾಗಿ ಪ್ರಾರ್ಥಿಸುತ್ತೇವೆ. ನೆಲಗಡಲೆ ನಂಬಿದ ಬಯಲುಸೀಮೆಯವರಿಗೆ ಮಳೆಯೇ ದೊಡ್ಡ ಪ್ರಾರ್ಥನೆ. ಈ ಸಲದ ಪಾಠ ಮಾತ್ರ ಸಮುದ್ರದ್ದು. ಚಿಲಮತ್ತೂರಿನಿಂದ ಪೂರ್ವಕ್ಕೆ ಹೊರಟರೂ ಪಶ್ಚಿಮಕ್ಕೆ ಹೊರಟರೂ ಸಮುದ್ರ ಕಾಣಬೇಕಾದರೆ ಒಂದು ಹಗಲಿನ ಪಯಣ. ನಮಗೇಕೆ ಸಮುದ್ರದ ಪಾಠ ಎಂದು ಕೇಳುವವರು ಕೇಳಲಿ. ಉತ್ತರ ನಮ್ಮ ವಾರದ ಸಂತೆಯಲ್ಲೇ ಇದೆ.

ಸಂತೆಯ ಒಂದು ಬದಿಯಲ್ಲಿ ಗೋಣಿತಾಟಿನ ಮೇಲೆ ಒಣಮೀನು ಹರಡಿಕೊಂಡು ಕೂರುವವರನ್ನು ನಾವೆಲ್ಲ ಬಲ್ಲೆವು. ಕನ್ನಡದಲ್ಲಿ ಕೇಳಿದರೂ ಕೊಡುತ್ತಾರೆ, ತೆಲುಗಿನಲ್ಲಿ ‘ಎಂಡು ಚೇಪ’ ಎಂದರೂ ಕೊಡುತ್ತಾರೆ. ಕೂಲಿ ಮುಗಿಸಿ ಬಂದವರ ಮನೆಯಲ್ಲಿ ಒಂದು ಹಿಡಿ ಒಣಮೀನು, ನಾಲ್ಕು ಬದನೆಕಾಯಿ, ಹುಣಸೆಹುಳಿ ಸೇರಿದರೆ ರಾಗಿಮುದ್ದೆ ಸಲೀಸಾಗಿ ಇಳಿಯುತ್ತದೆ. ಕುರಿಮಾಂಸ ಹಬ್ಬಕ್ಕೆ, ಕೋಳಿ ಭಾನುವಾರಕ್ಕೆ. ವಾರದ ನಡುವೆ ಮಕ್ಕಳ ತಟ್ಟೆಗೆ ಮಾಂಸದ ಸತ್ವ ಬರುವುದಿದ್ದರೆ ಅದು ಮೊಟ್ಟೆಯಿಂದ, ಇಲ್ಲವೇ ಈ ಒಣಮೀನಿನಿಂದ. ಮೂಳೆ ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಪ್ರೋಟೀನ್ ಮಾತ್ರವಲ್ಲ, ಸುಣ್ಣದ ಅಂಶ, ಕಬ್ಬಿಣ, ಬಿ12 ಜೀವಸತ್ವ, ಮೆದುಳಿನ ಬೆಳವಣಿಗೆಗೆ ಬೇಕಾದ ಒಳ್ಳೆಯ ಕೊಬ್ಬು ಎಲ್ಲವೂ ಇವೆ. ಬಸುರಿ ಹೆಂಗಸರಿಗೂ ಬೆಳೆಯುವ ಮಕ್ಕಳಿಗೂ ಇದಕ್ಕಿಂತ ಅಗ್ಗದ ಪೋಷಣೆ ಸಿಗುವುದು ಕಷ್ಟ. ಜಗತ್ತಿನಲ್ಲಿ ಸುಮಾರು 320 ಕೋಟಿ ಜನರು ತಮಗೆ ಸಿಗುವ ಪ್ರಾಣಿಜನ್ಯ ಪ್ರೋಟೀನಿನಲ್ಲಿ ಐದರಲ್ಲೊಂದು ಪಾಲನ್ನಾದರೂ ಮೀನಿನಂತಹ ಜಲಚರಗಳಿಂದಲೇ ಪಡೆಯುತ್ತಾರೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಕೊಟ್ಟಿದೆ.

ಒಣಮೀನನ್ನು ನಾವು ಸ್ವಲ್ಪ ಕೀಳಾಗಿ ಕಾಣುತ್ತೇವೆ. ನೆಂಟರು ಬಂದಾಗ ಅದರ ವಾಸನೆ ಬರಬಾರದೆಂದು ಬಾಗಿಲು ಮುಚ್ಚುವವರೂ ಇದ್ದಾರೆ. ಆದರೆ ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯವನ್ನು ಓದಿ ನೋಡಿ. ಐದು ಸಾವಿರ ಮಂದಿಗೆ ಊಟ ಬಡಿಸಿದ ದಿನ ಆ ಹುಡುಗನ ಬಳಿ ಇದ್ದದ್ದು ಐದು ಜವೆಗೋದಿ ರೊಟ್ಟಿ, ಎರಡು ಮೀನು. ಅಲ್ಲಿ ಮೀನಿಗೆ ಬಳಸಿರುವ ಗ್ರೀಕ್ ಪದ ರೊಟ್ಟಿಯ ಜೊತೆ ನಂಜಿಕೊಳ್ಳುವ ಸಣ್ಣ ಮೀನನ್ನು ಸೂಚಿಸುತ್ತದೆ. ಅಂತಹ ಮೀನನ್ನು ಹೆಚ್ಚಾಗಿ ಉಪ್ಪು ಹಾಕಿ ಒಣಗಿಸಿಯೇ ಇಡುತ್ತಿದ್ದರು. ಗಲಿಲೇಯ ಸರೋವರದ ದಡದ ಮಗ್ದಲ ಊರಿಗೆ ಗ್ರೀಕರು ಇಟ್ಟ ಹೆಸರಿನ ಅರ್ಥವೇ ಮೀನಿಗೆ ಉಪ್ಪು ಹಾಕುವ ಸ್ಥಳ ಎಂದು. ಬಡವರ ಬುತ್ತಿಯ ಮೀನನ್ನೇ ಯೇಸುಸ್ವಾಮಿ ಕೈಗೆತ್ತಿಕೊಂಡರು. ಎಲ್ಲರೂ ತಿಂದು ತೃಪ್ತರಾದ ಮೇಲೆ ಉಳಿದ ತುಂಡುಗಳನ್ನು ಕೂಡಿಸಿರಿ, ಯಾವುದೂ ಹಾಳಾಗಬಾರದು ಎಂಬ ಅರ್ಥದ ಅಪ್ಪಣೆಯನ್ನೂ ಕೊಟ್ಟರು. ಆ ಎರಡನೆಯ ಮಾತು ಈ ಪಾಠದಲ್ಲಿ ಮತ್ತೆ ಬರುತ್ತದೆ.

ಹವಳ ಎಂದರೆ ಕಲ್ಲಲ್ಲ

ಹವಳ ಎಂದ ಕೂಡಲೇ ನಮಗೆ ನೆನಪಾಗುವುದು ತಾಳಿಸರದ ಕೆಂಪು ಮಣಿ. ಅದು ಸಮುದ್ರದ ಆಳದಲ್ಲಿ ಬೆಳೆಯುವ ಬೇರೆ ಜಾತಿ. ಇಲ್ಲಿ ಹೇಳುತ್ತಿರುವುದು ಬಿಸಿಲು ತಲುಪುವಷ್ಟು ಆಳವಿಲ್ಲದ, ಬೆಚ್ಚಗಿನ, ತಿಳಿಯಾದ ನೀರಿನಲ್ಲಿ ದಿಬ್ಬ ಕಟ್ಟುವ ಹವಳದ ಬಗ್ಗೆ. ನೋಡಲು ಬಂಡೆ, ಮುಟ್ಟಿದರೆ ಗಟ್ಟಿ; ಆದರೆ ಅದರ ಮೇಲ್ಪದರದಲ್ಲಿ ಸಾವಿರಾರು ಪುಟ್ಟ ಜೀವಿಗಳು ಒತ್ತೊತ್ತಾಗಿ ಬದುಕುತ್ತವೆ. ಒಂದೊಂದೂ ತನ್ನ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಹಳೆಯದು ಸತ್ತರೆ ಗೂಡು ಉಳಿಯುತ್ತದೆ, ಅದರ ಮೇಲೆ ಹೊಸದು ಕಟ್ಟುತ್ತದೆ. ದುಂಡನೆಯ ಹವಳ ಒಂದು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಅಂದರೆ ಆಳೆತ್ತರದ ಒಂದು ಹವಳದ ಗುಡ್ಡೆ ನಮ್ಮ ಅಜ್ಜನ ಅಜ್ಜನಿಗಿಂತ ಹಳೆಯದು.

ಈ ಜೀವಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸಿಸುತ್ತದೆ. ಹವಳ ಪಾಚಿಗೆ ಮನೆ ಕೊಡುತ್ತದೆ, ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಊಟ ಕೊಡುತ್ತದೆ. ಹವಳದ ಬಣ್ಣವೂ ಬಹುಮಟ್ಟಿಗೆ ಈ ಪಾಚಿಯದೇ. ಸಮುದ್ರದ ನೀರು ಬೇಸಿಗೆಯ ವಾಡಿಕೆಯ ಬಿಸಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ಹಾಗೆಯೇ ಕೆಲವು ವಾರ ನಿಂತರೆ ಈ ಸಂಬಂಧ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಹಾಕುತ್ತದೆ, ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ. ಬೇಗ ನೀರು ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. 1998, 2010, 2014ರಿಂದ 2017, ಹಾಗೂ 2024ರಲ್ಲಿ ಘೋಷಣೆಯಾದದ್ದು ಹೀಗೆ ನಾಲ್ಕು ಸಲ ಜಗತ್ತಿನಾದ್ಯಂತ ಹವಳ ಬಿಳುಚಿಕೊಂಡಿದೆ. ಭೂಮಿಯ ಬಿಸಿ 1.5 ಡಿಗ್ರಿ ಏರಿದರೆ ನೂರರಲ್ಲಿ 70ರಿಂದ 90 ಪಾಲು ಹವಳದ ದಿಬ್ಬಗಳು ನಾಶವಾಗಬಹುದು, 2 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಎಲ್ಲವೂ ಹೋಗಬಹುದು ಎಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮಿತಿ 2018ರಲ್ಲೇ ಎಚ್ಚರಿಸಿತ್ತು.

ಹೋದರೆ ಹೋಗಲಿ, ಅದು ನೋಡಲು ಚಂದದ ವಸ್ತು ತಾನೇ ಎನ್ನುವಂತಿಲ್ಲ. ಸಮುದ್ರದ ತಳದಲ್ಲಿ ಹವಳದ ದಿಬ್ಬಗಳು ಆವರಿಸಿರುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಜಾಗ. ಆದರೆ ಸಮುದ್ರದ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗ ತಮ್ಮ ಬಾಳಿನ ಯಾವುದೋ ಒಂದು ಹಂತದಲ್ಲಿ ಆ ದಿಬ್ಬಗಳನ್ನೇ ಆಶ್ರಯಿಸುತ್ತವೆ. ಮೊಟ್ಟೆ ಇಡಲು, ಮರಿಗಳು ಅಡಗಿಕೊಳ್ಳಲು, ಮೇಯಲು ಅದೇ ತಾಣ. ಅಲೆಯ ಬಿರುಸನ್ನು ಬಹುಪಾಲು ತಡೆದು ದಡವನ್ನು ಕಾಯುವುದೂ ಅದೇ. ಜಗದ್ಗುರು ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದ 40 ಮತ್ತು 41ನೆಯ ಪರಿಚ್ಛೇದಗಳು ಈ ವಿಷಯಕ್ಕೇ ಮೀಸಲು. ಹವಳದ ದಿಬ್ಬಗಳನ್ನು ಅವರು ನೆಲದ ಮೇಲಿನ ಮಹಾರಣ್ಯಗಳಿಗೆ ಹೋಲಿಸುತ್ತಾರೆ. ಮಿತಿಯಿಲ್ಲದ ಮೀನುಗಾರಿಕೆಯನ್ನೂ ಅಲ್ಲೇ ಹೆಸರಿಸುತ್ತಾರೆ. ಫಿಲಿಪ್ಪೀನ್ಸ್ ದೇಶದ ಧರ್ಮಾಧ್ಯಕ್ಷರು 1988ರಲ್ಲೇ ತಮ್ಮ ಜನರಿಗೆ ಬರೆದ ಪತ್ರವನ್ನು ನೆನೆಸಿಕೊಳ್ಳುತ್ತಾರೆ. ಮನೆಯಲ್ಲಿ ವಿಶ್ವಪತ್ರ ಇದ್ದವರು ಈ ವಾರ ಆ ಎರಡು ಪರಿಚ್ಛೇದಗಳನ್ನಾದರೂ ಓದಬೇಕು. ಒಂದು ಪುಟಕ್ಕಿಂತ ಹೆಚ್ಚಿಲ್ಲ.

ನೇತ್ರಾಣಿಯಿಂದ ಲಕ್ಷದ್ವೀಪಕ್ಕೆ

ಕನ್ನಡನಾಡಿನಲ್ಲಿ ಹವಳ ನೋಡಬೇಕಾದರೆ ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿಗೆ ಹೋಗಬೇಕು. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ಎಂಬ ಸಣ್ಣ ನಡುಗಡ್ಡೆ ಇದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಬಿಳಿಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಚಿತ್ರವನ್ನು ನೋಡಿದವರಿಗೆ ಅವರು ಸಮುದ್ರದೊಳಗೆ ಇಳಿದು ಮೀನುಗಳ ನಡುವೆ ಈಜಿದ ದೃಶ್ಯ ನೆನಪಿರಬಹುದು, ಅದೇ ನೇತ್ರಾಣಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ನದಿಗಳು ತರುವ ಕೆಸರು ಹೆಚ್ಚು, ಆದ್ದರಿಂದ ಹವಳ ಇಂತಹ ನಡುಗಡ್ಡೆಗಳ ಸುತ್ತ ಅಲ್ಲಲ್ಲಿ ಮಾತ್ರ ಬೆಳೆಯುತ್ತದೆ. ಭಾರತದ ದೊಡ್ಡ ಹವಳದ ದಿಬ್ಬಗಳಿರುವುದು ಅಂಡಮಾನ್ ನಿಕೋಬಾರ್, ಲಕ್ಷದ್ವೀಪ, ತಮಿಳುನಾಡಿನ ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ, ಗುಜರಾತಿನ ಕಚ್ ಕೊಲ್ಲಿಗಳಲ್ಲಿ.

ಲಕ್ಷದ್ವೀಪ ನಮಗೆ ಸಂಬಂಧವಿಲ್ಲದ ನಾಡೇನಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೇತ್ಲಾತ್, ಬಿತ್ರಾ ಎಂಬ ಉತ್ತರದ ದ್ವೀಪಗಳು ಟಿಪ್ಪುವಿನ ಆಳ್ವಿಕೆಗೆ ಸೇರಿದ್ದವು. 1799ರ ನಂತರ ಅವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿದ್ದವು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಹಾಗೆಯೇ ಇತ್ತು. ದ್ವೀಪದವರು ಹಾಯಿದೋಣಿಯಲ್ಲಿ ತೆಂಗಿನನಾರು, ಕೊಬ್ಬರಿ ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು.

ಅಲ್ಲಿನ ಮೀನು ಹಿಡಿಯುವ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಹವಳಕ್ಕೂ ಅನ್ನಕ್ಕೂ ಇರುವ ನಂಟು ಇದರಲ್ಲಿ ಎದ್ದು ಕಾಣುತ್ತದೆ. ಲಕ್ಷದ್ವೀಪದವರು ಮುಖ್ಯವಾಗಿ ಹಿಡಿಯುವುದು ಟ್ಯೂನಾ ಮೀನು. ಅದು ಆಳಸಮುದ್ರದ ಮೀನು, ಹವಳದಲ್ಲಿ ವಾಸಿಸುವುದಿಲ್ಲ. ಬೆಳಗಿನ ಹೊತ್ತು ದೋಣಿಯವರು ಮೊದಲು ಹೋಗುವುದು ಆಳಸಮುದ್ರಕ್ಕಲ್ಲ, ಹವಳದ ದಿಬ್ಬದ ಒಳಗಿನ ಶಾಂತ ನೀರಿಗೆ. ಅಲ್ಲಿ ಬೆರಳುದ್ದದ ಸಣ್ಣ ಮೀನುಗಳನ್ನು ಹಿಡಿದು, ದೋಣಿಯಲ್ಲೇ ಇರುವ ನೀರಿನ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಆಮೇಲೆ ಹೊರಸಮುದ್ರಕ್ಕೆ ಹೋಗಿ ಟ್ಯೂನಾ ಹಿಂಡು ಕಂಡಲ್ಲಿ ಈ ಮರಿಗಳನ್ನು ಎರಚುತ್ತಾರೆ, ನೀರು ಚಿಮುಕಿಸುತ್ತಾರೆ. ಹಸಿದ ಟ್ಯೂನಾ ಮೇಲೆದ್ದು ಬರುತ್ತದೆ. ಆಗ ಸಾಲಾಗಿ ನಿಂತವರು ಗಳಕ್ಕೆ ಕಟ್ಟಿದ ಗಾಳದಿಂದ ಒಂದೊಂದಾಗಿ ಎತ್ತಿ ದೋಣಿಗೆ ಹಾಕುತ್ತಾರೆ. ಬಲೆಯಿಲ್ಲ. ಬೇಡದ ಮೀನು, ಆಮೆ, ಡಾಲ್ಫಿನ್ ಸಿಕ್ಕಿ ಸಾಯುವ ಪ್ರಮೇಯ ತೀರ ಕಡಿಮೆ. ಹಿಡಿದದ್ದನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿ ‘ಮಾಸ್’ ಎಂಬ ಕಟ್ಟಿಗೆಯಂತೆ ಗಟ್ಟಿಯಾದ ಒಣಮೀನು ಮಾಡುತ್ತಾರೆ. ಅದು ಮಳೆಗಾಲದ ಆಹಾರ, ಮಾರಿದರೆ ಕಾಸು.

ಹವಳ ಸತ್ತರೆ ಏನಾಗುತ್ತದೆ ನೋಡಿ. ಆಶ್ರಯ ತಪ್ಪಿದ ಸಣ್ಣ ಮೀನು ಕಡಿಮೆಯಾಗುತ್ತದೆ. ಸಣ್ಣ ಮೀನಿಲ್ಲದೆ ಟ್ಯೂನಾ ಮೇಲೆ ಬರುವುದಿಲ್ಲ. ಹತ್ತಾರು ಮೈಲಿ ದೂರದ ಆಳಸಮುದ್ರದಲ್ಲಿ ಮೀನಿದ್ದರೂ ದ್ವೀಪದ ಮನೆಯಲ್ಲಿ ಒಲೆ ಉರಿಯುವುದು ಕಷ್ಟ. 1998ರಿಂದ ಈಚೆಗೆ ಲಕ್ಷದ್ವೀಪದ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ.

ಮನ್ನಾರ್ ಕೊಲ್ಲಿಯಲ್ಲಿ ಕೆಡುಕು ಬೇರೆ ದಾರಿಯಿಂದ ಬಂತು. ಅದು 1542ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರು ಬಂದು ಮುತ್ತು ತೆಗೆಯುವವರಿಗೂ ಮೀನುಗಾರರಿಗೂ ಧರ್ಮೋಪದೇಶ ಮಾಡಿದ ಕರಾವಳಿ. ಇಂದಿಗೂ ಅಲ್ಲಿನ ಮೀನುಗಾರರಲ್ಲಿ ಬಹಳ ಮಂದಿ ಕಥೋಲಿಕರು. ಅಲ್ಲಿ 21 ನಡುಗಡ್ಡೆಗಳ ಸುತ್ತ ಹವಳವಿದೆ. ಹಲವು ದಶಕಗಳ ಕಾಲ ಆ ಹವಳವನ್ನು ಒಡೆದು ಸುಣ್ಣಕ್ಕೂ ಸಿಮೆಂಟಿಗೂ ಸಾಗಿಸಿದರು. ಎರಡು ನಡುಗಡ್ಡೆಗಳು ನೀರಿನಲ್ಲಿ ಮುಳುಗಿಯೇ ಹೋದವು. 1986ರಲ್ಲಿ ಅದು ಸಾಗರ ರಾಷ್ಟ್ರೀಯ ಉದ್ಯಾನವಾಯಿತು. 2001ರಲ್ಲಿ ವನ್ಯಜೀವಿ ಕಾಯ್ದೆಯಡಿ ಹವಳಕ್ಕೆ ಹುಲಿಗೆ ಕೊಡುವಷ್ಟೇ ರಕ್ಷಣೆ ದೊರೆಯಿತು. ಆದರೂ ಒಡೆದದ್ದು ಮತ್ತೆ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲೇ.

ಬೂತಾಯಿ ಎಲ್ಲಿ ಹೋಯಿತು

ನಮ್ಮ ಸಂತೆಗೆ ಬರುವ ಒಣಮೀನಿನಲ್ಲಿ ಹವಳದ ಮೀನು ಕಡಿಮೆ. ಹೆಚ್ಚಾಗಿ ಇರುವುದು ನೆತ್ತಿಲಿ, ಬಂಗುಡೆ, ಬೂತಾಯಿಯಂತಹವು. ಮಂಗಳೂರಿನವರು ಬೂತಾಯಿ ಎನ್ನುವುದನ್ನು ಕಾರವಾರದ ಕಡೆ ತಾರ್ಲೆ ಎನ್ನುತ್ತಾರೆ, ಕೇರಳದಲ್ಲಿ ಮತ್ತಿ ಎನ್ನುತ್ತಾರೆ. ಮುಂಗಾರಿನ ಗಾಳಿ ಬೀಸಿದಾಗ ಸಮುದ್ರದ ಆಳದ ತಣ್ಣನೆಯ ಸತ್ವಭರಿತ ನೀರು ಮೇಲೇಳುತ್ತದೆ, ಅದರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ, ಅದನ್ನು ಮೇಯಲು ಬೂತಾಯಿ ಕೋಟಿಗಟ್ಟಲೆ ಹಿಂಡಾಗಿ ದಡದ ಹತ್ತಿರ ಬರುತ್ತದೆ. ಅದು ಮೊಟ್ಟೆ ಇಡುವುದೂ ಹೆಚ್ಚಾಗಿ ಅದೇ ಮಳೆಗಾಲದಲ್ಲಿ.

ಹಿಂದೆ ಕರ್ನಾಟಕದ ಕರಾವಳಿಯಲ್ಲಿ ಇದನ್ನು ರಂಪಣಿ ಬಲೆಯಿಂದ ಹಿಡಿಯುತ್ತಿದ್ದರು. ರಂಪಣಿ ಎಂದರೆ ಬಹಳ ಉದ್ದದ ಬಲೆ. ದೋಣಿಯಲ್ಲಿ ಒಯ್ದು ಹಿಂಡಿನ ಸುತ್ತ ಅರ್ಧಚಂದ್ರಾಕಾರದಲ್ಲಿ ಬಿಟ್ಟು, ಎರಡು ತುದಿಗಳನ್ನೂ ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. ಸಂತ ಮತ್ತಾಯರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಸ್ವರ್ಗಸಾಮ್ರಾಜ್ಯಕ್ಕೆ ಹೋಲಿಸಿರುವ ಬಲೆಯೂ ಇಂತಹ ಎಳೆಬಲೆಯೇ. ದಡಕ್ಕೆ ಎಳೆದು, ಕುಳಿತು, ಒಳ್ಳೆಯದನ್ನು ಬುಟ್ಟಿಗೆ ಹಾಕುವ ಬಲೆ. ಮಲ್ಪೆ, ಹೊನ್ನಾವರ, ಕಾರವಾರದ ಮೀನುಗಾರರಿಗೆ ಆ ಸಾಮತಿಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಅಲ್ಲಿ ಮೊಗವೀರರು, ಖಾರ್ವಿಗಳು ಇದ್ದಾರೆ. ಉತ್ತರ ಕನ್ನಡದ ಖಾರ್ವಿಗಳಲ್ಲಿ ಕಥೋಲಿಕ ಕುಟುಂಬಗಳೂ ಇವೆ.

ಸ್ವಾತಂತ್ರ್ಯದ ನಂತರ ಯಂತ್ರದ ಟ್ರಾಲ್ ಬೋಟುಗಳು ಬಂದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು. ಇದು ಸಮುದ್ರದ ಮಧ್ಯದಲ್ಲೇ ಇಡೀ ಹಿಂಡನ್ನು ಸುತ್ತುಗಟ್ಟಿ, ಬಟ್ಟೆಯ ಸಂಚಿಯ ಬಾಯಿ ಬಿಗಿದ ಹಾಗೆ ತಳವನ್ನು ಬಿಗಿಯುತ್ತದೆ. ಹಿಂಡು ದಡಕ್ಕೆ ಬರುವ ಮುಂಚೆಯೇ ಮುಗಿಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು, ಅದನ್ನು ನಂಬಿದ್ದವರು ಪರ್ಸೀನ್ ಬೋಟಿನ ಕೂಲಿಗಳಾದರು. ಮೀನಿನ ಒಟ್ಟು ತೂಕ ಹೆಚ್ಚಾಯಿತು ನಿಜ, ಆದರೆ ಪಾಲು ಪಡೆಯುವ ಕೈಗಳು ಕಡಿಮೆಯಾದವು. ಆಹಾರ ಭದ್ರತೆ ಎಂದರೆ ಎಷ್ಟು ಟನ್ ಎಂಬುದಷ್ಟೇ ಅಲ್ಲ, ಅದು ಯಾರ ತಟ್ಟೆಗೆ ತಲುಪುತ್ತದೆ ಎಂಬುದೂ ಹೌದು. ಇದನ್ನು ಬಿಟ್ಟು ಬರೀ ಟನ್ ಲೆಕ್ಕ ಓದುವವರ ಮಾತನ್ನು ಪೂರ್ತಿ ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ಲೆಕ್ಕವೂ ಈಗ ಕೈಕೊಡುತ್ತಿದೆ. 2012ರಲ್ಲಿ ಕೇರಳ ಒಂದರಲ್ಲೇ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ನೂರು ಬುಟ್ಟಿ ಇದ್ದಲ್ಲಿ ಒಂದು ಬುಟ್ಟಿಯೂ ಇಲ್ಲ! ಕೊಚ್ಚಿಯಲ್ಲಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಇದಕ್ಕೆ ಸಮುದ್ರದ ಹವಾಮಾನದ ಏರುಪೇರನ್ನು ಮುಖ್ಯ ಕಾರಣವಾಗಿ ಹೇಳಿದರು, ಜೊತೆಗೆ ಮಿತಿಮೀರಿ ಹಿಡಿದದ್ದನ್ನೂ, ಮರಿ ಹಿಡಿದದ್ದನ್ನೂ ಹೇಳಿದರು. ನಂತರದ ವರ್ಷಗಳಲ್ಲಿ ಬೂತಾಯಿ ಮತ್ತೆ ಒಂದು ಲಕ್ಷ ಟನ್ ದಾಟಿದೆ. ಸಮುದ್ರ ಕ್ಷಮಿಸುತ್ತದೆ, ಆದರೆ ಮೊಟ್ಟೆ ಇಡುವಷ್ಟು ತಾಯಿಮೀನು ಉಳಿದಿದ್ದರೆ ಮಾತ್ರ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ಸಣ್ಣ ನಿಯಮವಿದೆ, ವಚನ 6 ಮತ್ತು 7. ದಾರಿಯಲ್ಲಿ ಹಕ್ಕಿಯ ಗೂಡು ಕಂಡರೆ ಮರಿಗಳನ್ನಾಗಲಿ ಮೊಟ್ಟೆಗಳನ್ನಾಗಲಿ ತೆಗೆದುಕೊಳ್ಳಬಹುದು, ಆದರೆ ತಾಯಿಹಕ್ಕಿಯನ್ನು ಬಿಟ್ಟುಬಿಡಬೇಕು. ಹಾಗೆ ಮಾಡಿದರೆ ನಿನಗೆ ಒಳ್ಳೆಯದಾಗುತ್ತದೆ, ಬಹುಕಾಲ ಬಾಳುವೆ. ತಂದೆತಾಯಿಯನ್ನು ಗೌರವಿಸುವವರಿಗೆ ಕೊಟ್ಟ ವಾಗ್ದಾನವೇ ಇಲ್ಲಿಯೂ ಇದೆ ಎಂಬುದನ್ನು ಗಮನಿಸಿ. ತಿನ್ನಬೇಡ ಎಂದು ದೇವರು ಹೇಳಲಿಲ್ಲ. ಮುಂದೆ ಹುಟ್ಟುವುದಕ್ಕೆ ಬೇರನ್ನು ಉಳಿಸು ಎಂದರು. ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಏಳನೆಯ ವರ್ಷ ಹೊಲಕ್ಕೂ ಸಬ್ಬತ್ ವಿಶ್ರಾಂತಿ ಕೊಟ್ಟಿರುವುದೂ ಇದೇ ಬುದ್ಧಿಯಿಂದ.

ಸಮುದ್ರಕ್ಕೂ ಈಗ ಅಂತಹ ವಿಶ್ರಾಂತಿ ಇದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ನಮ್ಮ ಆಂಧ್ರದ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ ಯಂತ್ರದ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಸಣ್ಣ ನಾಡದೋಣಿಗಳಿಗೆ ವಿನಾಯಿತಿ ಇದೆ. ಈ ನಿಯಮ ಸರ್ಕಾರದ ಕಚೇರಿಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಇದರ ಹಿಂದೆ ಬಡ ಮೀನುಗಾರರ ದೀರ್ಘ ಹೋರಾಟವಿದೆ, ಅದರಲ್ಲಿ ನಮ್ಮ ಧರ್ಮಸಭೆಯ ಗುರುಗಳೂ ಸಹೋದರಿಯರೂ ಇದ್ದರು. ಗೋವೆಯ ಶಾಲಾ ಶಿಕ್ಷಕ ಮತಾನ್ಹಿ ಸಲ್ಡಾನ್ಹಾ ಅವರು 1970ರ ದಶಕದಲ್ಲಿ ನಾಡದೋಣಿಯವರನ್ನು ದೇಶಮಟ್ಟದಲ್ಲಿ ಸಂಘಟಿಸಿದರು. ಕೇರಳದ ರಿಡೆಂಪ್ಟರಿಸ್ಟ್ ಸಭೆಯ ಗುರು ಥಾಮಸ್ ಕೊಚೇರಿ ಅವರು ಮೀನುಗಾರರ ಕೇರಿಯಲ್ಲೇ ಬಾಳಿ, ಕಾನೂನು ಓದಿ, ಉಪವಾಸ ಕೂತು, ಸೆರೆಮನೆ ಕಂಡವರು. ಮಳೆಗಾಲದ ಟ್ರಾಲಿಂಗ್ ನಿಷೇಧ ಕೇರಳದಲ್ಲಿ 1988ರಲ್ಲಿ ಜಾರಿಗೆ ಬಂದದ್ದು ಇಂತಹ ಹೋರಾಟದ ಫಲ. ಮರುವರ್ಷ, 1989ರಲ್ಲಿ, ಎರಡೂ ಕರಾವಳಿಗಳಿಂದ ಕನ್ಯಾಕುಮಾರಿಗೆ ಹೊರಟ ಜಾಥಾದ ಘೋಷಣೆ ನೀರನ್ನು ಕಾಪಾಡಿ, ಬದುಕನ್ನು ಕಾಪಾಡಿ ಎಂಬ ಅರ್ಥದ್ದು. ಫಾದರ್ ಕೊಚೇರಿ 2014ರಲ್ಲಿ ತೀರಿಕೊಂಡರು. ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಅವರ ಹೆಸರು ಕೇಳುವುದು ಅಪರೂಪ. ಕೇಳಬೇಕು.

ನಿಷೇಧದ ಎರಡು ತಿಂಗಳು ಮೀನುಗಾರನ ಮನೆಯವರು ಏನು ತಿನ್ನಬೇಕು ಎಂಬ ಪ್ರಶ್ನೆಯೂ ಇದೆ. ಏಳನೆಯ ವರ್ಷ ಬಿತ್ತದಿದ್ದರೆ ಏನು ಉಣ್ಣುವುದು ಎಂದು ಇಸ್ರಯೇಲರು ಕೇಳುವ ಪ್ರಶ್ನೆ ಯಾಜಕಕಾಂಡದ ಅದೇ ಅಧ್ಯಾಯದಲ್ಲಿದೆ, ದೇವರು ಅದನ್ನು ಉದಾಸೀನ ಮಾಡಲಿಲ್ಲ. ಆಂಧ್ರ ಸರ್ಕಾರ 2019ರಿಂದ ಈ ಅವಧಿಗೆ ಕುಟುಂಬಕ್ಕೆ 10,000 ರೂಪಾಯಿ ಕೊಡುತ್ತಿತ್ತು, 2025ರಲ್ಲಿ ಅದನ್ನು 20,000 ರೂಪಾಯಿಗೆ ಏರಿಸಿತು. ಸಮುದ್ರಕ್ಕೆ ವಿಶ್ರಾಂತಿ ಕೊಡುವ ಖರ್ಚನ್ನು ಬಡವನೊಬ್ಬನೇ ಹೊರಬಾರದು ಎಂಬ ನ್ಯಾಯ ಇದರಲ್ಲಿದೆ.

ನಿಯಮ ತಪ್ಪಿಸುವ ಜಾಣತನಕ್ಕೂ ಕೊರತೆಯಿಲ್ಲ. ರಾತ್ರಿ ಎಲ್‌ಇಡಿ ದೀಪಗಳನ್ನು ಉರಿಸಿ ಮೀನನ್ನು ಸೆಳೆದು ಹಿಡಿಯುವುದು, ಎರಡು ಬೋಟುಗಳ ನಡುವೆ ಒಂದೇ ಬಲೆ ಕಟ್ಟಿ ಬುಡ ಸಮೇತ ಗೋರುವುದು, ಇವೆರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಆದರೂ ಕರಾವಳಿಯಲ್ಲಿ ನಾಡದೋಣಿಯವರ ದೂರು ನಿಂತಿಲ್ಲ. ಟ್ರಾಲ್ ಬಲೆಯ ಕಿರಿದಾದ ಕಣ್ಣಿನಲ್ಲಿ ಸಿಕ್ಕಿಬೀಳುವ ಮರಿಗಳನ್ನು ‘ಕಸ ಮೀನು’ ಎಂದು ಬೇರ್ಪಡಿಸಿ ಮೀನುಪುಡಿ ಕಾರ್ಖಾನೆಗೆ ತೂಕಕ್ಕೆ ಹಾಕುತ್ತಾರೆ. ಆ ಪುಡಿ ಸಿಗಡಿ ಕೊಳಗಳಿಗೂ ಕೋಳಿ ಫಾರಂಗಳಿಗೂ ಮೇವಾಗಿ ಹೋಗುತ್ತದೆ. ಯೋಚಿಸಿ: ಒಂದು ವರ್ಷ ಬಿಟ್ಟಿದ್ದರೆ ಬಡವರ ತಟ್ಟೆಗೆ ದೊಡ್ಡ ಮೀನಾಗಿ ಬರಬೇಕಾದದ್ದು, ಮರಿಯಾಗಿರುವಾಗಲೇ ಪುಡಿಯಾಗಿ, ಪರದೇಶಕ್ಕೆ ಹೋಗುವ ಸಿಗಡಿಯ ಹೊಟ್ಟೆ ಸೇರುತ್ತದೆ. ಉಳಿದ ತುಂಡುಗಳೂ ಹಾಳಾಗಬಾರದು ಎಂದ ಯೇಸುಸ್ವಾಮಿಯ ಮಾತನ್ನು ಇಲ್ಲಿಟ್ಟು ಓದಬೇಕು. ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಹಿಡಿಯಬಾರದು ಎಂದು ಕೇರಳ ನಿಯಮ ಮಾಡಿದೆ. ಅಳೆಯಲು ಕಡ್ಡಿ ಬೇಡ: ಬಿಡಿಸಿದ ಅಂಗೈಯನ್ನು ಮಣಿಕಟ್ಟಿನಿಂದ ಬೆರಳ ಬುಡದವರೆಗೆ ಅಳೆದರೆ ಸುಮಾರು ಹತ್ತು ಸೆಂಟಿಮೀಟರ್. ನೆತ್ತಿಲಿಗೆ ಈ ಅಳತೆ ಸಲ್ಲದು, ಅದು ಬೆಳೆಯುವುದೇ ಅಷ್ಟು.

ವೀರಾಪುರದ ಕೊಕ್ಕರೆ

ಇಷ್ಟು ದೂರದ ಮಾತಾಯಿತು. ಹವಳದ ದಿಬ್ಬದಂತಹದ್ದು ನಮ್ಮ ಮಂಡಲದಲ್ಲೂ ಒಂದಿದೆ. ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಸೈಬೀರಿಯಾದಿಂದ ಬರುತ್ತವೆ ಎಂದು ಜನ ಹೇಳುವುದುಂಟು. ಅವು ನಮ್ಮ ದೇಶದವೇ. ಅವು ಬಂದರೆ ಊರಿಗೆ ಶುಭ ಎಂದು ನಂಬಿರುವ ವೀರಾಪುರದವರು ಕಲ್ಲು ಹೊಡೆಯುವುದಿಲ್ಲ, ಮರ ಕಡಿಯುವುದಿಲ್ಲ, ಹಿಕ್ಕೆ ಬಿದ್ದರೂ ಗೊಣಗುವುದಿಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲೂ ಇದೇ ಪದ್ಧತಿ.

ಬಣ್ಣದ ಕೊಕ್ಕರೆಯ ಆಹಾರ ಮುಖ್ಯವಾಗಿ ಮೀನು. ಆಳವಿಲ್ಲದ ಕೆರೆಯ ನೀರಿನಲ್ಲಿ ಅರ್ಧ ತೆರೆದ ಕೊಕ್ಕನ್ನು ಅದ್ದಿ, ಆಚೀಚೆ ತೂಗಿ, ತಗುಲಿದ ಮೀನನ್ನು ಹಿಡಿಯುತ್ತದೆ. ಮರಿಗಳಿಗೆ ದಿನವಿಡೀ ಹೊತ್ತು ತರಬೇಕು. ಅಂದರೆ ವೀರಾಪುರದ ಮರದಲ್ಲಿ ಗೂಡು ತುಂಬಿದ್ದರೆ ಸುತ್ತಲಿನ ಕೆರೆಗಳಲ್ಲಿ ಮೀನಿದೆ ಎಂದೇ ಅರ್ಥ. ಕೆರೆ ಒಣಗಿದ ವರ್ಷ ಕೊಕ್ಕರೆಗೂ ಊಟವಿಲ್ಲ, ಕೆರೆಯ ಮೀನು ಹಿಡಿದು ಮಾರುವ ಮನೆಗಳಿಗೂ ಊಟವಿಲ್ಲ. ಮರ, ಕೆರೆ, ಮೀನು, ಹಕ್ಕಿ, ಮನುಷ್ಯ ಇವುಗಳಲ್ಲಿ ಒಂದನ್ನು ಕಿತ್ತರೆ ಉಳಿದವು ಅಲುಗುತ್ತವೆ. ಹವಳ, ಸಣ್ಣ ಮೀನು, ಟ್ಯೂನಾ, ದ್ವೀಪದ ಮನೆ ಇದ್ದ ಹಾಗೆಯೇ. ಕೆರೆಯ ಒಳಗೆ ಕಸ ಸುರಿಯುವುದು, ಅಂಗಳ ಒತ್ತುವರಿ ಮಾಡುವುದು, ನೀರು ಇಳಿದಾಗ ಸೊಳ್ಳೆಪರದೆಯಂತಹ ಬಲೆಯಿಂದ ಬೆರಳುದ್ದದ ಮರಿಗಳನ್ನೂ ಬಳಿದು ತೆಗೆಯುವುದು, ಇವು ನಮ್ಮಲ್ಲೂ ನಡೆಯುತ್ತವೆ. ಕರಾವಳಿಯ ಬೋಟಿನ ಯಜಮಾನನನ್ನು ಬೈಯುವ ಮೊದಲು ಇದನ್ನೂ ನೋಡಬೇಕು.

ಒಣಮೀನು ಕೊಳ್ಳಬೇಡಿ ಎಂದು ಯಾರಾದರೂ ಈ ಪಾಠದಿಂದ ಅರ್ಥ ಮಾಡಿಕೊಂಡರೆ ಅದು ಉಲ್ಟಾ ಆಯಿತು. ಸಣ್ಣ ಜಾತಿಯ ಮೀನನ್ನು ಮನುಷ್ಯರೇ ತಿನ್ನುವುದು, ಅದನ್ನು ಪುಡಿ ಮಾಡಿ ಸಿಗಡಿಗೆ ಹಾಕುವುದಕ್ಕಿಂತ ಎಷ್ಟೋ ಮೇಲು. ಅಗ್ಗದ ಮೀನನ್ನು ಬಿಟ್ಟರೆ ಬೇರೆ ಗತಿಯಿಲ್ಲದ ತಾಯಿಗೆ ಮರಿಮೀನಿನ ಪಾಪವನ್ನು ಹೊರಿಸುವುದೂ ಸರಿಯಲ್ಲ. ಆಯ್ಕೆ ಮಾಡುವ ಶಕ್ತಿ ಇರುವವರು ಆಯ್ದುಕೊಳ್ಳಬೇಕು. ಹಿಂದೂಪುರದ ಐಸ್ ಪೆಟ್ಟಿಗೆಯ ಅಂಗಡಿಯಲ್ಲಿ ಅಂಗೈಯಗಲಕ್ಕಿಂತ ಚಿಕ್ಕ ಬಂಗುಡೆ ಕಂಡರೆ ಬೇಡ ಎನ್ನಬಹುದು. ಜೂನ್ ಜುಲೈಯಲ್ಲಿ ಕೃಷ್ಣಾ, ಗೋದಾವರಿ ಬಯಲಿನ ಕೊಳದ ಕಟ್ಲಾ, ರೋಹು ಕೊಳ್ಳಬಹುದು, ನಮ್ಮ ಕೆರೆಯ ಮೀನು ಸಿಕ್ಕರೆ ಇನ್ನೂ ಒಳ್ಳೆಯದು. ತಪಸ್ಸು ಕಾಲದ ಶುಕ್ರವಾರ ಮಾಂಸ ಬಿಟ್ಟು, ಅದಕ್ಕೆ ಬದಲಾಗಿ ಕಿಲೋಗೆ ಸಾವಿರ ರೂಪಾಯಿಯ ಅಂಜಲ್ ತಂದು ಹುರಿದರೆ ಅದು ತ್ಯಾಗವೋ ಔತಣವೋ ಎಂದು ಅವರವರೇ ಹೇಳಿಕೊಳ್ಳಲಿ.

ಪುನರುತ್ಥಾನರಾದ ಯೇಸುಸ್ವಾಮಿ ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆದ ಭಾಗವನ್ನು, ಯೊವಾನ್ನ 21:1-14, ಈ ವಾರ ಕಿರು ಕ್ರೈಸ್ತ ಸಮುದಾಯದ ಕೂಟದಲ್ಲಿ ಓದಿರಿ. ಆ ಮುಂಜಾನೆ ಬಲೆಗೆ ಬಿದ್ದದ್ದು 153 ದೊಡ್ಡ ಮೀನುಗಳು ಎಂದು ಶುಭಸಂದೇಶಕಾರರು ಬರೆದಿದ್ದಾರೆ. ದೊಡ್ಡವು ಎಂಬ ಮಾತು ಅಲ್ಲೇ ಇದೆ. ಓದಿದ ಮೇಲೆ ಈ ಪ್ರಶ್ನೆಗಳನ್ನು ಮಾತಾಡಿಕೊಳ್ಳಿ. ನಮ್ಮ ಮನೆಯ ಹಿರಿಯರು ಚಿಕ್ಕವರಿದ್ದಾಗ ನಮ್ಮ ಕೆರೆಯಲ್ಲಿ ಯಾವ ಯಾವ ಮೀನು ಸಿಗುತ್ತಿತ್ತು, ಈಗ ಅವುಗಳಲ್ಲಿ ಯಾವುದು ಕಾಣುವುದಿಲ್ಲ? ಕನ್ನಡದ ಹೆಸರೂ ತೆಲುಗಿನ ಹೆಸರೂ ಎರಡನ್ನೂ ಬರೆದುಕೊಳ್ಳಿ. ವಿಶ್ರಾಂತಿ ಕೊಡದೆ ನಾವು ದುಡಿಸಿಕೊಳ್ಳುತ್ತಿರುವುದು ಯಾವುದನ್ನು: ಹೊಲವನ್ನೋ, ಬೋರ್‌ವೆಲ್ಲನ್ನೋ, ಮನೆಯ ಹೆಂಗಸರನ್ನೋ? ಕೆರೆಯ ಮೀನಿನ ಹರಾಜು ಆಗುವಾಗ ಮರಿಗಳನ್ನು ಬಿಡಬೇಕೆಂಬ ಷರತ್ತನ್ನು ಗ್ರಾಮಸಭೆಯಲ್ಲಿ ಕೇಳಲು ನಮ್ಮಲ್ಲಿ ಯಾರು ಎದ್ದು ನಿಲ್ಲುತ್ತಾರೆ?